ಎಲಿಜಬೆತ್ ರಾಣಿಯ ಸಂತೆಯಲ್ಲಿ ಊದುಬತ್ತಿ

ಕೇಳುಗರಿಗೆ ನಮಸ್ಕಾರ.

ಬಾನುಲಿ ಕೇಂದ್ರವೊಂದಕ್ಕೆ ಹಣದ ಅಗತ್ಯ ಬಿದ್ದರೆ ಏನೇನು ಹುಟ್ಟಿಕೊಳ್ಳಬಹುದು ನೋಡಿ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಕೆಪಿಎಫ್‌ಕೆ ಅಂತ ಒಂದು ರೇಡಿಯೊ ಇದೆ. ಜಾಹೀರಾತಿನ ಗೊಡವೆ ಇಲ್ಲ, ಕೇಳುಗರು ಕೊಟ್ಟ ದೇಣಿಗೆಯಲ್ಲೇ ನಡೆಯಬೇಕು. 1963ರ ಮೇ ತಿಂಗಳಲ್ಲಿ ಅದರ ಸಹಾಯಾರ್ಥ ಫಿಲಿಸ್ ಪ್ಯಾಟರ್‌ಸನ್ ಎಂಬ ಶಿಕ್ಷಕಿ ಮತ್ತು ಅವರ ಪತಿ ರಾನ್ ಸೇರಿ ಒಂದು ಸಂತೆ ಹೂಡಿದರು. ಫಿಲಿಸ್ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವರು, ವೇಷ ಕಟ್ಟುವುದು ಅವರಿಗೆ ಕೈಬಂದ ವಿದ್ಯೆ. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿ ಆಳುತ್ತಿದ್ದ ಹದಿನಾರನೇ ಶತಮಾನದ ಹಳ್ಳಿಸಂತೆ ಎಂದು ಅದನ್ನು ರೂಪಿಸಿದರು. ರೆನೆಸಾನ್ಸ್ ಫೇರ್, ಅಂದರೆ ಯುರೋಪಿನ ಪುನರುಜ್ಜೀವನ ಕಾಲದ ಸಂತೆ ಎಂಬ ಪದ್ಧತಿ ಶುರುವಾದದ್ದು ಅಲ್ಲಿಂದ. ಮಿನೆಸೋಟಾದಲ್ಲಿ 1971ರಲ್ಲಿ, ಟೆಕ್ಸಾಸಿನಲ್ಲಿ 1974ರಲ್ಲಿ, ಮೇರಿಲ್ಯಾಂಡಿನಲ್ಲಿ 1977ರಲ್ಲಿ ಇಂಥವೇ ಉತ್ಸವಗಳು ಎದ್ದವು. ಈಗ ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ವರ್ಷಕ್ಕೊಮ್ಮೆ, ಕೆಲವು ವಾರಾಂತ್ಯಗಳ ಮಟ್ಟಿಗೆ, ರಾಜ ರಾಣಿ ಭಟ ವಿದೂಷಕರು ಓಡಾಡುತ್ತಾರೆ.

ಅಲ್ಲಿ ಬೆಳೆದವರನ್ನು ಈ ಸಂತೆಯ ಬಗ್ಗೆ ಕೇಳಿ. ಕುದುರೆ ಮೇಲೆ ಕೂತು ಈಟಿ ಹಿಡಿದು ಕಾದಾಡಿದವರ ಕತೆ ಹೇಳುತ್ತಾರೆ, ಸರಿ. ಆದರೆ ಸ್ವಲ್ಪ ಹೊತ್ತಿಗೆ ಮಾತು ವಾಸನೆಗೆ ಬಂದು ನಿಲ್ಲುತ್ತದೆ. ಕೂರಲು ಹಾಕಿದ ಹುಲ್ಲುಹೊರೆಗಳದ್ದು. ಕಮ್ಮಾರನ ಕುಲುಮೆಯದ್ದು. ಸಕ್ಕರೆ, ದಾಲ್ಚಿನ್ನಿ ಹಾಕಿ ಬಾಣಲೆಯಲ್ಲಿ ಹುರಿಯುವ ಬಾದಾಮಿಯದ್ದು. ಮೇಣದಬತ್ತಿ ಅದ್ದುವವರ ಮಳಿಗೆಯಿಂದ ಬರುವ ಜೇನುಮೇಣದ್ದು. ಬೆಲ್ಟು, ಚೀಲ, ಬತ್ತಳಿಕೆ ತೂಗುಹಾಕಿದ ಚರ್ಮದಂಗಡಿಯದ್ದು. ಮರದ ತೊಗಟೆಯ ರಸದಲ್ಲಿ ಹದಮಾಡಿದ ಚರ್ಮಕ್ಕೆ ಬೇರೆಯೇ ಒಂದು ಸಿಹಿಯಾದ ಘಾಟು ಇರುತ್ತದೆ. ಎಲ್ಲಕ್ಕಿಂತ ಮೇಲೆ ಟರ್ಕಿ ಕೋಳಿಯ ಕಾಲಿನದ್ದು. ಆ ಇಡೀ ಕಾಲನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟು, ಆಮೇಲೆ ಕಟ್ಟಿಗೆಯ ಹೊಗೆಯಲ್ಲಿ ತಾಸುಗಟ್ಟಲೆ ಬೇಯಿಸುತ್ತಾರೆ. ಜನ ಅದನ್ನು ಗದೆಯ ಹಾಗೆ ಎತ್ತಿ ಹಿಡಿದು ತಿನ್ನುತ್ತಾ ನಡೆಯುತ್ತಾರೆ. ನಾನು ಸಸ್ಯಾಹಾರಿ, ಆದರೂ ಆ ಹೊಗೆಯಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ, ಬಟ್ಟೆಗೆಲ್ಲ ಅಂಟಿಕೊಂಡು ಮನೆಯವರೆಗೂ ಬಂತು.

ಊರಿಂದ ಊರಿಗೆ ವ್ಯತ್ಯಾಸವೂ ಇದೆ. ಕ್ಯಾಲಿಫೋರ್ನಿಯಾದ ಹಳಬರಿಗೆ ನೆನಪಾಗುವುದು ವಸಂತದ ಬಿಸಿಲಿಗೆ ಒಣಗಿದ ಹುಲ್ಲು ಮತ್ತು ಮೂಗು ತುಂಬುವ ಧೂಳು. ಮೇರಿಲ್ಯಾಂಡಿನ ಸಂತೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ನಡೆಯುತ್ತದೆ, ಹಾಗಾಗಿ ಅಲ್ಲಿಯವರ ನೆನಪಿನಲ್ಲಿ ಉದುರಿದ ಎಲೆ, ಮಳೆ ಬಿದ್ದ ಮೇಲಿನ ಕೆಸರು. ಇನ್ನು ವೇಷಧಾರಿಗಳ ಬೆವರು. ಸೆಕೆಯಲ್ಲಿ ಮಖಮಲ್ಲು, ಉಣ್ಣೆ ತೊಟ್ಟು ದಿನವಿಡೀ ಕುಣಿದರೆ ಇನ್ನೇನಾಗುತ್ತದೆ? ಮಖಮಲ್ಲನ್ನು ದಿನಾ ಒಗೆಯಲಾಗುವುದಿಲ್ಲ. ಅಗ್ಗದ ವೋಡ್ಕಾಕ್ಕೆ ನೀರು ಬೆರೆಸಿ ಒಳಗಡೆ ಚಿಮುಕಿಸಿ ಆರಹಾಕುವುದು ರಂಗಭೂಮಿಯವರ ಹಳೆಯ ಉಪಾಯ. ಈಗೀಗ ರೆನೆಸಾನ್ಸ್ ಸಂತೆಯ ಪರಿಮಳ ಅಂತ ಮೇಣದಬತ್ತಿ, ಅತ್ತರು ಮಾರುವವರಿದ್ದಾರೆ. ಚರ್ಮ, ಹೊಗೆ, ಜೇನು ಎಲ್ಲ ಹಾಕಿರುತ್ತಾರೆ. ಕುದುರೆ ಲದ್ದಿ ಮಾತ್ರ ಇಲ್ಲ. ಲದ್ದಿ ಇಲ್ಲದೆ ಅದೆಂಥ ಸಂತೆ ಅಂತ ನನಗನಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಇದು ಹದಿನಾರನೇ ಶತಮಾನದ ವಾಸನೆಯೇ? ಅಲ್ಲ. ಟರ್ಕಿ ಅಮೆರಿಕ ಖಂಡದ ಹಕ್ಕಿ, ಇಂಗ್ಲೆಂಡಿಗೆ ಬಂದದ್ದೇ ಆ ಶತಮಾನದಲ್ಲಿ; ಹಳ್ಳಿಯ ರೈತ ಅದರ ಕಾಲು ಕಡಿಯುತ್ತಾ ಸಂತೆ ಸುತ್ತುತ್ತಿರಲಿಲ್ಲ. ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ನೂರಾರು ವರ್ಷ ನಡೆದು 1855ರಲ್ಲಿ ನಿಂತುಹೋದ ಬಾರ್ಥಲೊಮ್ಯೂ ಸಂತೆ ಹೆಸರಾಗಿದ್ದದ್ದು ಸುಟ್ಟ ಹಂದಿಗೆ. ಆ ಕಾಲದ ಮನೆಗಳಲ್ಲಿ ನೆಲಕ್ಕೆ ಜೊಂಡು ಹಾಸುತ್ತಿದ್ದರು. ಮೇಲಿನ ಪದರ ಹೊಸದು, ಅಡಿಯಲ್ಲಿ ವರ್ಷಗಳಿಂದ ಕೊಳೆತ ಎಂಜಲು, ಚೆಲ್ಲಿದ ಬಿಯರು, ನಾಯಿಯ ಉಚ್ಚೆ ಎಂದು ಆ ಶತಮಾನದ ಡಚ್ ವಿದ್ವಾಂಸ ಎರಾಸ್ಮಸ್ ಪತ್ರವೊಂದರಲ್ಲಿ ಮೂಗು ಮುರಿದಿದ್ದಾನೆ. ಅದನ್ನೆಲ್ಲ ಯಥಾವತ್ತಾಗಿ ತಂದಿಟ್ಟರೆ ಟಿಕೆಟ್ ಕೊಂಡವರು ಬಾಗಿಲಿನಿಂದಲೇ ವಾಪಸ್ಸು ಹೋಗುತ್ತಾರೆ.

ಈ ಸಂತೆಯ ಮೂಗು ಅರವತ್ತರ ದಶಕದ ಕ್ಯಾಲಿಫೋರ್ನಿಯಾದ್ದು. ಹಿಪ್ಪಿಗಳ ಕಾಲ ಅದು. ಅವರಿಗೆ ಪಚೋಲಿ ಎಣ್ಣೆ ಪ್ರಿಯ, ಊದುಬತ್ತಿ ಪ್ರಿಯ. ಎರಡೂ ಅವರ ಜೊತೆಗೇ ಎಲಿಜಬೆತ್ ರಾಣಿಯ ರಾಜ್ಯಕ್ಕೆ ನುಸುಳಿದವು. ಪಚೋಲಿ ಏಷ್ಯಾದ ಎಲೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಡಿಯಾದಿಂದ ಹೋಗುವ ಶಾಲುಗಳಿಗೆ ನುಸಿ ಹಿಡಿಯದಿರಲಿ ಎಂದು ಅದನ್ನು ಮಡಿಕೆಯಲ್ಲಿ ಇಡುತ್ತಿದ್ದರು, ಆ ವಾಸನೆ ಇದ್ದರೆ ಮಾತ್ರ ಅಸಲಿ ಶಾಲು ಎಂದು ಅಲ್ಲಿನ ಹೆಂಗಸರು ನಂಬುತ್ತಿದ್ದರು ಎನ್ನುತ್ತಾರೆ. ಎಲಿಜಬೆತ್ ರಾಣಿಗೆ ಅದರ ಗಂಧವೂ ಗೊತ್ತಿರಲಾರದು.

ನನ್ನ ಅಕ್ಕನ ಮಗಳು ಹುಟ್ಟಿ ಬೆಳೆದದ್ದು ಮೇರಿಲ್ಯಾಂಡಿನಲ್ಲಿ. ರಜೆಗೆ ಮೈಸೂರಿಗೆ ಬಂದಿದ್ದಳು. ಅಮ್ಮ ಸಂಜೆ ದೀಪ ಹಚ್ಚಿ ನಾಗಚಂಪಾ ಊದುಬತ್ತಿ ಹೊತ್ತಿಸಿದರು. ಹುಡುಗಿ ಮೆಟ್ಟಿಲು ಇಳಿದು ಓಡಿ ಬಂದು, "ಅಜ್ಜೀ, ರೆನ್ ಫೇರ್ ವಾಸನೆ!" ಅಂದಳು. ಅಮ್ಮನಿಗೆ ಅರ್ಥವಾಗಲಿಲ್ಲ. "ಎಂಥಾ ಫೇರೇ, ದೇವರ ಮನೆ ವಾಸನೆ ಕಣೇ ಇದು" ಅಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಅವಳು ಮರದ ಕತ್ತಿ ಕೊಂಡ ಅಂಗಡಿಯ ಪಕ್ಕದಲ್ಲೇ ಊದುಬತ್ತಿಯ ಮಳಿಗೆ ಇತ್ತಂತೆ.

ವಾಸನೆ ಹೀಗೆ ಥಟ್ಟನೆ ಕೆಲಸ ಮಾಡುವುದಕ್ಕೆ ಮಿದುಳಿನ ಕಟ್ಟಡವೇ ಕಾರಣ. ಕಂಡದ್ದು, ಕೇಳಿದ್ದು ಮೊದಲು ಥಲಮಸ್ ಎಂಬ ನಡುಠಾಣೆಗೆ ಹೋಗಿ ಮುಂದಕ್ಕೆ ಸಾಗುತ್ತದೆ. ಮೂಗಿನ ಸುದ್ದಿ ಅಲ್ಲಿ ಕಾಯದೆ, ಭಾವನೆ ಮತ್ತು ನೆನಪಿನ ಕೇಂದ್ರಗಳ ನೆರೆಗೇ ನೇರವಾಗಿ ಮುಟ್ಟುತ್ತದೆ. ಪರಿಮಳ ಎಬ್ಬಿಸುವ ನೆನಪುಗಳಲ್ಲಿ ಹೆಚ್ಚಿನವು ಹತ್ತು ವರ್ಷದೊಳಗಿನ ಬಾಲ್ಯದವು ಎಂದೂ ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ.

ನನಗೆ ಬಹಳ ಇಷ್ಟವಾದ ಪ್ರಯೋಗವೊಂದಿದೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಯಾರ್ವಿಕ್ ಎಂಬ ವಸ್ತುಸಂಗ್ರಹಾಲಯ 1984ರಲ್ಲಿ ತೆರೆಯಿತು. ಹತ್ತನೇ ಶತಮಾನದ ವೈಕಿಂಗರ ಬೀದಿಯನ್ನು ಕಟ್ಟಿ, ಅಲ್ಲಿ ಹೊಗೆ, ಮೀನು, ಕಸದ ಗುಂಡಿ ಇವುಗಳ ಕೃತಕ ವಾಸನೆ ಬಿಡುತ್ತಾರೆ. ಆರೇಳು ವರ್ಷಗಳ ಹಿಂದೆ ಅದನ್ನು ನೋಡಿದ್ದವರಿಗೆ ಜಾನ್ ಆಗಲ್‌ಟನ್ ಮತ್ತು ಲೂಯಿಸ್ ವಾಸ್ಕೆಟ್ ಎಂಬ ಸಂಶೋಧಕರು ಅದೇ ವಾಸನೆಗಳನ್ನು ಮೂಸಿಸಿ, ಅಲ್ಲಿ ಕಂಡದ್ದರ ಬಗ್ಗೆ ಪ್ರಶ್ನೆ ಕೇಳಿದರು. ಬೇರೆ ವಾಸನೆ ಮೂಸಿದವರಿಗಿಂತ ಇವರ ಉತ್ತರ ಚೆನ್ನಾಗಿದ್ದವು. 1999ರಲ್ಲಿ ಅದು ಪ್ರಕಟವಾಯಿತು. ವಾಸನೆ ಶೀಸೆಯದ್ದು, ಬೀದಿ ಬೊಂಬೆಗಳದ್ದು, ನೆನಪು ಮಾತ್ರ ಅಪ್ಪಟ. ಅಮೆರಿಕದ ಸಂತೆಯಲ್ಲೂ ಅದೇ ಲೆಕ್ಕ. ಟರ್ಕಿ ಕಾಲಿನ ಹೊಗೆ ಯಾರನ್ನೂ ಎಲಿಜಬೆತ್ ರಾಣಿಯ ಕಾಲಕ್ಕೆ ಒಯ್ಯುವುದಿಲ್ಲ, ಅಪ್ಪನ ಹೆಗಲ ಮೇಲೆ ಕೂತು ಕುದುರೆ ನೋಡಿದ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಇನ್ನು ಆ ನಾಗಚಂಪಾ. ನೀಲಿ ಬಿಳಿ ಪೊಟ್ಟಣದಲ್ಲಿ ಲೋಕವೆಲ್ಲ ಸುತ್ತುವ ಅದು ಹೋಗುವುದು ನಮ್ಮ ಬೆಂಗಳೂರಿನಿಂದ. ಅದರ ಬತ್ತಿಯನ್ನು ಮೆತ್ತಗೆ, ಒಂದಿಷ್ಟು ಪಸೆಯಾಗಿ ಇಡುತ್ತಿದ್ದದ್ದು ಹಾಲುಮಡ್ಡಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಮರದ ಅಂಟು ಅದು. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೇಡಿಕೆ ಹೆಚ್ಚಿದಂತೆ ಮರಗಳನ್ನು ಸಿಕ್ಕಾಪಟ್ಟೆ ಕೆತ್ತಿದರು, ಮರಗಳು ಸತ್ತವು, ಅಂಟು ತುಟ್ಟಿಯಾಯಿತು, ಬತ್ತಿಯಲ್ಲಿ ಅದರ ಪಾಲು ಇಳಿಯಿತು. ಹಳೆಯ ಪೊಟ್ಟಣದ ಪರಿಮಳ ಈಗಿನದಕ್ಕಿಲ್ಲ ಎಂದು ಗೊಣಗುವವರು ಅಮೆರಿಕದಲ್ಲೂ ಇದ್ದಾರೆ. ಅವರ ಬಾಲ್ಯದ ಸಂತೆಯಿಂದ ಕಾಣೆಯಾದದ್ದು ಒಂದು ಮಲೆನಾಡಿನ ಮರ ಎಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ.

ನಮಸ್ಕಾರ.