ಈಸಕ್ಕಿ

ಕೇಳುಗರಿಗೆ ಬೆಳಗಿನ ನಮಸ್ಕಾರ.

ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಎಂದಾದರೂ ಆರಿಸಿದ್ದೀರಾ? ಬಾಚಿಕೊಳ್ಳಲು ಆಗುವುದಿಲ್ಲ, ಬಾಚಿದರೆ ಮಣ್ಣೂ ಬರುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು, ತಲೆ ತಗ್ಗಿಸಿ, ಎರಡು ಬೆರಳಿನಿಂದ ಒಂದೊಂದೇ ಕಾಳು ಎತ್ತಬೇಕು. ಒಂದು ಹಿಡಿ ತುಂಬುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಮನೆಗೆ ತಂದ ಮೇಲೂ ಮೊರದಲ್ಲಿ ಕೇರಿ, ನೀರಿನಲ್ಲಿ ಜಾಲಿಸಿ ಕಲ್ಲು ತೆಗೆದರಷ್ಟೇ ಅದು ಒಲೆಗೆ ಏರುತ್ತದೆ.

12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಮಾರಯ್ಯ ಎಂಬ ಶರಣರ ಕಾಯಕವೇ ಇದು. ಆಯ್ದಕ್ಕಿ ಎಂಬುದು ಅವರ ಹೆಸರಿಗೇ ಅಂಟಿಕೊಂಡಿತು. ಅವರೂ ಮಡದಿ ಲಕ್ಕಮ್ಮನೂ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆರಿಸಿ ತಂದು, ಅದರಲ್ಲೇ ಜಂಗಮರಿಗೆ ಬಡಿಸಿ, ಆಮೇಲೆ ತಾವು ಉಣ್ಣುತ್ತಿದ್ದರು.

ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ತಂದರು. ಪರೀಕ್ಷಿಸಲೆಂದು ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರು ಎಂದು ಹೇಳುವವರೂ ಇದ್ದಾರೆ. ಹೆಚ್ಚು ಅಕ್ಕಿ ಬಂದರೆ ಯಾವ ಮನೆಯೊಡತಿ ಬೇಡವೆನ್ನುತ್ತಾಳೆ? ಲಕ್ಕಮ್ಮ ಬೇಡವೆಂದರು. ‘ಈಸಕ್ಕಿಯಾಸೆ ನಿಮಗೇಕೆ?’, ಅಂದರೆ ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಎಂದು ಕೇಳಿದರು. ಆಸೆ ಅರಸರಿಗಿರಲಿ, ಶಿವಭಕ್ತರಿಗೆ ಉಂಟೇ ಎಂದರು. ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು.

ಈ ಮಾತು ನನ್ನನ್ನು ವರ್ಷಗಳಿಂದ ಬಿಟ್ಟಿಲ್ಲ. ಅದು ಕದ್ದ ಅಕ್ಕಿಯಲ್ಲ, ಬೇಡಿದ ಅಕ್ಕಿಯಲ್ಲ, ಬೆನ್ನು ಬಾಗಿಸಿ ದುಡಿದು ತಂದದ್ದು. ಆದರೂ ಲಕ್ಕಮ್ಮನ ಕಣ್ಣಿಗೆ ಅದರಲ್ಲಿ ನಾಳೆಯ ಭಯ ಕಂಡಿತು ಎಂದೇ ನನಗೆ ತೋರುತ್ತದೆ. ಇವತ್ತು ಕೊಟ್ಟವನು ನಾಳೆ ಕೊಡುತ್ತಾನೋ ಇಲ್ಲವೋ ಎಂಬ ಸಣ್ಣ ಅನುಮಾನ ಆ ಹೆಚ್ಚಿನ ಹಿಡಿಯ ಜೊತೆ ಮನೆಯೊಳಗೆ ಕಾಲಿಟ್ಟಿತ್ತು. ಚಿತ್ತಶುದ್ಧಿಯಿಂದ ಕಾಯಕ ಮಾಡುವವರಿಗೆ ಎತ್ತ ನೋಡಿದರತ್ತ ಲಕ್ಷ್ಮಿ ಎಂದು ನಂಬಿದ ತಾಯಿ ಆಕೆ. ಅಂಥವರಿಗೆ ಕೂಡಿಡುವ ಮಡಕೆ ಯಾಕೆ ಬೇಕು?

ಹಸಿದವರಿಗೆ ‘ಇದ್ದುದರಲ್ಲೇ ಇರಿ’ ಎನ್ನುವ ಬೋಧನೆ ಇದು ಖಂಡಿತ ಅಲ್ಲ. ಕಣಜ ತುಂಬಿಕೊಂಡವರು ಬಡವರಿಗೆ ಆ ಮಾತು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಲಕ್ಕಮ್ಮ ಹೇಳಿದ್ದು ತನ್ನ ಗಂಡನಿಗೆ, ತನ್ನದೇ ಒಲೆಯ ಮುಂದೆ.

ನನ್ನ ಅಜ್ಜಿ ಅಕ್ಷರ ಕಲಿತವರಲ್ಲ. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಮೂಲೆಯ ಗಡಿಗೆಗೆ ಹಾಕುತ್ತಿದ್ದರು. ಮಠದ ದಾಸೋಹಕ್ಕೆ ಕೊಡುವ ಮುಷ್ಟಿ ಅಕ್ಕಿ ಅದು. ಮಂತ್ರವಿಲ್ಲ, ಗಂಟೆಯ ಸದ್ದಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು.

ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ಮಧ್ಯಾಹ್ನದ ಅನ್ನ ಗಂಜಿಯಾಯಿತು. ‘ಅಜ್ಜಿ, ನಮಗೇ ಸಾಲದಲ್ಲ, ಗಡಿಗೆಗೆ ಯಾಕೆ ಹಾಕುತ್ತೀಯ?’ ಎಂದು ಕೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ನನ್ನ ಕೈ ಹಿಡಿದು ಅಕ್ಕಿ ಡಬ್ಬದೊಳಗೆ ಇಳಿಸಿದರು. ಡಬ್ಬದ ತಳ ಬೆರಳಿಗೆ ತಾಗಿತು. ‘ನೀನೇ ಹಾಕು’ ಎಂದರು. ನನ್ನ ಪುಟ್ಟ ಮುಷ್ಟಿಯಲ್ಲಿ ಹಿಡಿಸಿದಷ್ಟನ್ನು ಗಡಿಗೆಗೆ ಬಿಟ್ಟೆ. ಮುಂದಿನ ಮಳೆಗಾಲದವರೆಗೂ ಆ ಕೆಲಸ ನನ್ನದಾಗಿತ್ತು.