ಹಾಟ್‌ಸ್ಪಾಟ್ ಇಟ್ಕೊಳ್ರಿ, ಜೋಡಿಗೆ ಒಂದು ತಂತೀನೂ ಕಟ್ರಿ

ನಮಸ್ಕಾರ್ರಿ. ಹ್ಯಾಮ್ ರೇಡಿಯೊ ಅಂದ್ರ ಲೈಸೆನ್ಸ್ ತಗೊಂಡು ಹವ್ಯಾಸಕ್ಕ ನಡಸೋ ರೇಡಿಯೊ. ಇಂಟರ್ನೆಟ್ ಮ್ಯಾಲೆ ಮಾತಾಡೋದು ಹ್ಯಾಮ್ ರೇಡಿಯೊನೇ ಅಲ್ಲ ಅಂತಾರ ಭಾಳ ಮಂದಿ. ನಾ ಒಪ್ಪಂಗಿಲ್ಲ. ಕಲಬುರಗಿಯಿಂದ ಬೀದರ್ ಸುಮಾರು 110 ಕಿಲೋಮೀಟರ್. ಕೈಯಾಗಿನ 5 ವ್ಯಾಟ್ ವಿಎಚ್‌ಎಫ್ ಸೆಟ್ಟಿನಿಂದ ನೇರ ಅಷ್ಟು ದೂರ ಮುಟ್ಟಂಗಿಲ್ಲ. ಹೊಸದಾಗಿ ಲೈಸೆನ್ಸ್ ತಗೊಂಡ ಹುಡುಗ ದಿನಾ ಕರದು ಕರದು, ಉತ್ತರ ಬರದಿದ್ರ ಸೆಟ್ ಕಪಾಟಿನಾಗ ಇಟ್ಟುಬಿಡ್ತಾನ. ಅವನಿಗೆ ಮಾತಾಡೋ ಶಿಸ್ತು ಕಲಸಾಕ ಇಂಟರ್ನೆಟ್ ಮ್ಯಾಲೆ ನಡಿಯೋ ಎಕೋಲಿಂಕ್, ಡಿಎಂಆರ್ ಹಾಟ್‌ಸ್ಪಾಟ್‌ನಂಥಾ ಮೋಡ್‌ಗಳು ಬೇಕೇ ಬೇಕು.

ಎಕೋಲಿಂಕ್ ಎಲ್ಲಕ್ಕಿಂತ ಸುಲಭ, ಮೊಬೈಲ್ ಆ್ಯಪಿನಿಂದಲೇ ಮಾತಾಡಬಹುದು. ಲೈಸೆನ್ಸ್ ಕಾಪಿ ಕಳಿಸಿ ಕಾಲ್‌ಸೈನ್ (ಲೈಸೆನ್ಸಿನಾಗ ಕೊಟ್ಟ ಗುರುತಿನ ಹೆಸರು) ಖಾತ್ರಿ ಮಾಡಿಸ್ಕೊಳ್ರಿ, ಆಮ್ಯಾಲೆ 9999 ಅನ್ನೋ ಪರೀಕ್ಷಾ ನೋಡ್‌ಗೆ ಹೋಗಿ ನಿಮ್ಮ ದನಿ ನೀವೇ ಕೇಳ್ರಿ. ಮೊಬೈಲ್ ಡೇಟಾದಾಗ ಕನೆಕ್ಟ್ ಆಗಲಿಲ್ಲಾಂದ್ರ ಆ್ಯಪ್ ಕೆಟ್ಟಿಲ್ಲ. ಎಕೋಲಿಂಕ್ ಬಳಸೋ ಯುಡಿಪಿ 5198, 5199 ಪೋರ್ಟ್‌ಗೆ (ಡೇಟಾ ಒಳಗ ಬರೋ ಬಾಗಿಲು) ಹೊರಗಿಂದ ಬರೋ ಡೇಟಾ ನಿಮ್ಮ ಫೋನಿಗೆ ಮುಟ್ಟಂಗಿಲ್ಲ, ಯಾಕಂದ್ರ ಒಂದೇ ಐಪಿ ವಿಳಾಸ ಭಾಳ ಗ್ರಾಹಕರಿಗೆ ಹಂಚಿರ್ತಾರ. ಸೆಟಿಂಗ್‌ನಾಗ ರಿಲೇ ಇಲ್ಲಾ ಪ್ರಾಕ್ಸಿ (ನಡುವಿನ ಸರ್ವರ್ ಮೂಲಕ ಹೋಗೋ ದಾರಿ) ಆರಿಸ್ರಿ.

ಡಿಎಂಆರ್ ಅಂದ್ರ ದನೀನ ಡಿಜಿಟಲ್ ಮಾಡಿ ಕಳಸೋ ರೇಡಿಯೊ, ಅದರಾಗ ತೊಡಕು ಹೆಚ್ಚು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮ್ಯಾಲೆ ಕೂಡೋ ಸಣ್ಣ ಎಂಎಂಡಿವಿಎಂ ಹಾಟ್‌ಸ್ಪಾಟ್ (ಕೈಸೆಟ್ಟನ್ನ ಇಂಟರ್ನೆಟ್ಟಿಗೆ ಜೋಡಸೋ ಸಾಧನ) ಬಿಡೋದು ಬರೇ 10 ಮಿಲಿವ್ಯಾಟ್, ಮನಿಯೊಳಗ ಅಷ್ಟ ಸಾಕು. ಮೊದಲು ಡಿಎಂಆರ್ ಐಡಿ (ನಿಮ್ಮ ಗುರುತಿನ ನಂಬರ್) ತಗೊಳ್ರಿ. ಫ್ರೀಕ್ವೆನ್ಸಿ 434ರಿಂದ 435 ಮೆಗಾಹರ್ಟ್ಜ್ ಒಳಗ ಇಡ್ರಿ. ಅದರ ಮ್ಯಾಲೆ 438ರ ತನಕ ಉಪಗ್ರಹದವರ ಜಾಗ, ಅಲ್ಲಿ ಕೈ ಹಾಕಬ್ಯಾಡ್ರಿ. ಕಲರ್ ಕೋಡ್ ಅನ್ನೋ ನಂಬರ್ ಸೆಟ್, ಹಾಟ್‌ಸ್ಪಾಟ್ ಎರಡೂ ಕಡಿ ಒಂದೇ ಇರ್ಲಿ, ಸೆಟ್ಟಿನಾಗ ಭಾರತದ ಟಾಕ್‌ಗ್ರೂಪ್ (ಎಲ್ಲಾರೂ ಸೇರಿ ಮಾತಾಡೋ ಗುಂಪು) 404ನ್ನ ಗ್ರೂಪ್ ಕಾಲ್ ಅಂತ ಬರೀರಿ. ಪ್ರೈವೇಟ್ ಕಾಲ್ ಅಂತ ಉಳಿದ್ರ ನಿಮ್ಮ ಮಾತು ಗ್ರೂಪಿಗೆ ಹೋಗಂಗೇ ಇಲ್ಲ. ದನಿ ಒಡದು ಗೊರಗೊರ ಅಂದ್ರ ಡ್ಯಾಶ್‌ಬೋರ್ಡ್‌ನಾಗ ಬಿಇಆರ್ (ತಪ್ಪಾಗಿ ಬಂದ ಬಿಟ್‌ಗಳ ಪ್ರಮಾಣ) ನೋಡ್ರಿ. ಅದು 1 ಪರ್ಸೆಂಟ್ ಒಳಗ ಬರೋತನಕ ಆರ್‌ಎಕ್ಸ್ ಆಫ್‌ಸೆಟ್ (ಹಾಟ್‌ಸ್ಪಾಟ್ ಕೇಳೋ ಫ್ರೀಕ್ವೆನ್ಸಿಯ ತಿದ್ದುಪಡಿ) 100 ಹರ್ಟ್ಜ್‌ನಂಗ ಸರಿಸ್ರಿ. ಸೆಟ್ ಲೋ ಪವರ್‌ನಾಗಿರ್ಲಿ, ಹಾಟ್‌ಸ್ಪಾಟಿನಿಂದ ಮೂರ್ನಾಕ್ ಮೀಟರ್ ದೂರ ನಿಲ್ರಿ. ಹತ್ತಿರ ಹಿಡದ್ರ ಅದರ ರಿಸೀವರ್ ಕಿವುಡಾಗ್ತದ. ಪಿಟಿಟಿ (ಮಾತಾಡೋ ಗುಂಡಿ) ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡ್ರಿ, ಮುಗಿದ ಮ್ಯಾಲೆ ಎರಡು ಸೆಕೆಂಡ್ ಖಾಲಿ ಬಿಡ್ರಿ. ಆ ಖಾಲಿಯೊಳಗ ಬ್ಯಾರೆಯವ್ರು ತಮ್ಮ ಕಾಲ್‌ಸೈನ್ ಹೇಳಬಹುದು. ಇದನ್ನ ಮರೆಯೋರನ್ನ ಕಂಡ್ರ ನನಗ ಖರೇನೇ ಸಿಟ್ಟು ಬರ್ತದ.

ಆದ್ರ ಹಾಟ್‌ಸ್ಪಾಟ್ ಒಂದನ್ನೇ ನಂಬಬ್ಯಾಡ್ರಿ. 2020ರ ಅಕ್ಟೋಬರ್‌ನಾಗ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂಥಾ ಹೊತ್ತಿನಾಗ ಕರೆಂಟ್ ಹೋಗಿ ಟವರ್ ಬ್ಯಾಟರಿ ಇಳದ್ರ, ನಿಮ್ಮ ಬ್ಯಾಟರಿ ಎಷ್ಟು ತುಂಬಿದ್ರೂ ಇಂಟರ್ನೆಟ್ ಇಲ್ಲದ ಹಾಟ್‌ಸ್ಪಾಟ್ ಮೂಕ. ಅದಕ್ಕ 7.1 ಮೆಗಾಹರ್ಟ್ಜ್‌ಗೆ ಒಂದು ಡೈಪೋಲ್ ಆಂಟೆನಾ ಕಟ್ರಿ: ಒಟ್ಟು 20 ಮೀಟರ್ ತಂತಿ, ನಡುವ ಫೀಡ್ (ಸೆಟ್ಟಿನ ಕೇಬಲ್ ಜೋಡಸೋ ಜಾಗ), ಮಾಳಿಗಿ ಮ್ಯಾಲೆ ಐದಾರು ಮೀಟರ್ ಎತ್ತರ. ತುದಿ ಸ್ವಲ್ಪ ಉದ್ದ ಬಿಟ್ಟು, ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಸರಿ ಹೊಂದ್ಯದ ಅಂತ ತೋರಸೋ ಅಳತಿ) 1.5ರ ಕೆಳಗ ಬರೋತನಕ ಕತ್ತರಿಸ್ಕೋತ ಬರ್ರಿ. ಇಷ್ಟು ಕೆಳಗ ಕಟ್ಟಿದ ತಂತಿ ರೇಡಿಯೊ ಅಲೀನ ನೆಟ್ಟಗ ಮ್ಯಾಲಕ್ಕ ಕಳಸ್ತದ, ಎತ್ತರದ ವಾತಾವರಣದ ಅಯಾನುಗೋಳ ಅನ್ನೋ ಪದರ ಅದನ್ನ ತಿರುಗಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾದ ಮ್ಯಾಲೇ ಇಳಸ್ತದ. ಪರೀಕ್ಷಾ ಹಗಲ ಹತ್ತರಿಂದ ಮೂರರೊಳಗ ಮಾಡ್ರಿ. ರಾತ್ರಿ ಅದೇ ಫ್ರೀಕ್ವೆನ್ಸಿ ಬೀದರ್ ದಾಟಿ ದೂರದ ಊರಿಗೆ ಹೋಗ್ತದ.