ಹಳೆ ವ್ಯಾನಿನ ಇಂಜಿನ್ ಮತ್ತು ಅದರ ದಾಖಲೆ

ಎಲ್ಲರಿಗೂ ನಮಸ್ಕಾರ.

ಹದಿನೈದು ಇಪ್ಪತ್ತು ವರ್ಷ ಓಡಿದ ವ್ಯಾನ್ ಇಟ್ಟುಕೊಂಡವರು ಗ್ಯಾರೇಜ್ ಬಿಲ್‌ಗಳನ್ನೆಲ್ಲ ಒಂದು ಕಡೆ ಕಟ್ಟಿಟ್ಟಿರುತ್ತಾರೆ. ಅದು ಒಳ್ಳೆಯ ಅಭ್ಯಾಸ. ಆದರೆ ಬಿಲ್ ನೋಡಿದರೆ ಎಷ್ಟು ಖರ್ಚಾಯಿತು, ಯಾವ ಸಾಮಾನು ಬದಲಾಯಿತು ಎಂದಷ್ಟೇ ತಿಳಿಯುತ್ತದೆ. ಅದು ಯಾಕೆ ಕೆಟ್ಟಿತು ಎಂಬುದು ಅಲ್ಲಿರುವುದಿಲ್ಲ. ಹಳೆ ಇಂಜಿನ್ ಉಳಿಯುವುದು ಈ ‘ಯಾಕೆ’ಯನ್ನು ಬರೆದಿಟ್ಟಾಗ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಉದಾಹರಣೆಗೆ ಹೆಡ್ ಗ್ಯಾಸ್ಕೆಟ್ ತೆಗೆದುಕೊಳ್ಳಿ, ಅಂದರೆ ಇಂಜಿನ್ ಬ್ಲಾಕ್ ಮತ್ತು ಅದನ್ನು ಮೇಲಿಂದ ಮುಚ್ಚುವ ಹೆಡ್ ನಡುವಿನ ಸೀಲ್. ಬಿಲ್‌ನಲ್ಲಿ ‘ಹೆಡ್ ಗ್ಯಾಸ್ಕೆಟ್, ಲೇಬರ್’ ಎಂದು ಒಂದು ಸಾಲು ಇರುತ್ತದೆ. ಇಂಜಿನ್ ಅತಿಯಾಗಿ ಬಿಸಿಯಾಗಿ ಅದು ಹೋಗಿದ್ದರೆ, ಬಿಸಿಯಾದದ್ದು ಯಾಕೆ ಎಂಬುದು ಅಲ್ಲಿರುವುದಿಲ್ಲ. ರೇಡಿಯೇಟರ್ ಕಟ್ಟಿಕೊಂಡಿತ್ತೇ? ಥರ್ಮೋಸ್ಟಾಟ್ ತೆರೆಯದೆ ಕೂತಿತ್ತೇ? ಇಂಜಿನ್ ತಂಪು ಮಾಡುವ ಕೂಲಂಟ್ ಸೋರಿ ಕಡಿಮೆಯಾಗಿತ್ತೇ? ಕಾರಣ ಹುಡುಕದೆ ಗ್ಯಾಸ್ಕೆಟ್ ಮಾತ್ರ ಹಾಕಿದ್ದರೆ ಅದು ಮತ್ತೆ ಹೋಗುತ್ತದೆ. ಹೆಡ್ ಸೊಟ್ಟಗಾಗಿದ್ದರೆ ಮೆಷಿನ್ ಶಾಪಿನಲ್ಲಿ ಅದರ ಮೇಲ್ಮೈ ಉಜ್ಜಿ ಸಮ ಮಾಡಿರುತ್ತಾರೆ. ಎಷ್ಟು ಉಜ್ಜಿದರು ಎಂಬುದನ್ನು ತಪ್ಪದೆ ಕೇಳಿ ಬರೆದುಕೊಳ್ಳಿ. ಪ್ರತಿ ಹೆಡ್ಡಿಗೂ ಇಷ್ಟಕ್ಕಿಂತ ತೆಳುವಾಗಬಾರದು ಎಂಬ ಮಿತಿ ಇದೆ. ಐದು ವರ್ಷ ಬಿಟ್ಟು ಇನ್ನೊಬ್ಬ ಮೆಕ್ಯಾನಿಕ್ ಅದೇ ಹೆಡ್ಡನ್ನು ಮತ್ತೆ ಉಜ್ಜಿಸಿದರೆ ಪೆಟ್ರೋಲ್ ಇಂಜಿನ್ನಿನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಏರಿ ನಾಕಿಂಗ್ (ಇಂಧನ ಸರಿಯಾಗಿ ಉರಿಯದೆ ಬರುವ ಬಡಿತದ ಸದ್ದು) ಶುರುವಾಗಬಹುದು. ಡೀಸೆಲ್‌ನಲ್ಲಿ ವಾಲ್ವ್ ಮತ್ತು ಪಿಸ್ಟನ್ ನಡುವಿನ ಜಾಗವೇ ಕಡಿಮೆಯಾಗುತ್ತದೆ. ಹೆಡ್ ಬೋಲ್ಟ್ ಹೊಸದು ಹಾಕಿದರೇ ಎಂಬುದೂ ಇರಲಿ. ಎಷ್ಟೋ ಇಂಜಿನ್‌ಗಳಲ್ಲಿ ಬಿಗಿಯುವಾಗಲೇ ಬೋಲ್ಟ್ ಸ್ವಲ್ಪ ಹಿಗ್ಗುತ್ತದೆ, ಅಂಥದ್ದನ್ನು ಎರಡನೇ ಸಲ ಬಳಸಬಾರದು.

ಇಂಜಿನ್ ಪೂರ್ತಿ ಬಿಚ್ಚಿ ರೀಬೋರ್ ಮಾಡಿಸಿದಾಗಲೂ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿಸಿದಾಗಲೂ, ಹೀಗೆಯೇ. ಹಾಕಿದ ಪಿಸ್ಟನ್ ಮೂಲ ಅಳತೆಗಿಂತ ಎಷ್ಟು ದೊಡ್ಡದು, ಅಂದರೆ ಎಷ್ಟು ಓವರ್‌ಸೈಜ್? 0.25 ಮಿಲಿಮೀಟರೋ, 0.50ಯೋ? ಕ್ರ್ಯಾಂಕ್ ಶಾಫ್ಟನ್ನು ಉಜ್ಜಿ ಗ್ರೈಂಡ್ ಮಾಡಿದರೇ, ಬೇರಿಂಗ್ ಯಾವ ಅಳತೆ? ಇಂಜಿನ್ ಮುಚ್ಚಿದ ಮೇಲೆ ಇದನ್ನು ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಸಿಲಿಂಡರ್ ಈಗಾಗಲೇ ಕೊನೆಯ ಅಳತೆ ಮುಟ್ಟಿದ್ದರೆ ಮುಂದೆ ಒಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಬೇಕೋ, ಬೇರೆ ಇಂಜಿನ್ ಹುಡುಕಬೇಕೋ ಎಂದು ಮೊದಲೇ ಯೋಚಿಸಬಹುದು. ಇಂಜಿನ್ನೇ ಬದಲಾಗಿದ್ದರೆ ಹೊಸ ಇಂಜಿನ್ ನಂಬರ್, ಆ ದಿನದ ಕಿಲೋಮೀಟರ್ ಎರಡನ್ನೂ ಬರೆಯಿರಿ. ಅಲ್ಲಿಂದ ಮುಂದೆ ಗಾಡಿಯ ಓಟ ಬೇರೆ, ಇಂಜಿನ್ನಿನ ಓಟ ಬೇರೆ. ಮೀಟರ್ ಬದಲಿಸಿದಾಗಲೂ ಹಳೆಯದರ ಕೊನೆಯ ಅಂಕಿ ಬೇಕು.

ವ್ಯಾನ್‌ಗಳ ವಿಷಯದಲ್ಲಿ ಕಿಲೋಮೀಟರ್ ಒಂದನ್ನೇ ನಂಬುವುದು ಕಷ್ಟ. ಸಾಮಾನು ಇಳಿಸುವಾಗ ಇಂಜಿನ್ ಆನ್ ಇರುತ್ತದೆ, ಓಡೋಮೀಟರ್ ಕದಲುವುದಿಲ್ಲ. ಎರಡು ಕಿಲೋಮೀಟರ್ ಹೋಗಿ ನಿಲ್ಲುವ ಗಾಡಿಯ ಇಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಆಯಿಲ್‌ಗೆ ನೀರಿನ ಪಸೆ, ಸುಡದ ಇಂಧನ ಸೇರಿಕೊಳ್ಳುತ್ತವೆ, ಆಯಿಲ್ ಬೇಗ ಕೆಡುತ್ತದೆ. ಅದಕ್ಕೇ ಗಾಡಿ ಎಂಥ ಕೆಲಸ ಮಾಡುತ್ತಿದೆ ಎಂಬುದೂ ಒಂದು ಸಾಲಿನಲ್ಲಿ ಇರಬೇಕು. ದೂರದ ಓಟವೋ, ನಿಂತು ನಿಂತು ಹೋಗುವ ಓಟವೋ, ಭಾರ ಎಷ್ಟು.

ಇನ್ನು ಆಯಿಲ್ ಟಾಪ್‌ಅಪ್. ಇದನ್ನು ಬರೆಯುವವರು ಬಹಳ ಕಡಿಮೆ. ಅರ್ಧ ಲೀಟರ್ ತಾನೇ ಎಂದು ಸುಮ್ನೆ ಹಾಕಿ ಮುಚ್ಚಳ ಮುಚ್ಚುತ್ತೇವೆ. ನನ್ನ ಮಟ್ಟಿಗೆ ಇಡೀ ದಾಖಲೆ ಪುಸ್ತಕದಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಇಲ್ಲ. ಮೊದಲು 4,000 ಕಿಲೋಮೀಟರಿಗೆ ಒಂದು ಲೀಟರ್ ಕುಡಿಯುತ್ತಿದ್ದ ಇಂಜಿನ್ ಈಗ 1,500ಕ್ಕೇ ಕೇಳುತ್ತಿದೆ ಎಂದರೆ ಒಳಗೆ ಏನೋ ನಡೆಯುತ್ತಿದೆ. ಹೊರಗೆ ಸೋರಿಕೆ ಇಲ್ಲದಿದ್ದರೆ ಆಗ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಬಂದ ಅಂಕಿಗಳನ್ನು ಸಿಲಿಂಡರ್ ಪ್ರಕಾರ ಬರೆದುಕೊಳ್ಳಿ. ‘ಕಂಪ್ರೆಷನ್ ಪರವಾಗಿಲ್ಲ’ ಎಂಬ ಮಾತು ಎರಡು ವರ್ಷದ ನಂತರ ಯಾವುದಕ್ಕೂ ಹೋಲಿಸಲು ಬರುವುದಿಲ್ಲ. ಒಂದು ಸಿಲಿಂಡರ್ ಮಾತ್ರ ಬಿದ್ದಿದೆಯೋ, ನಾಲ್ಕೂ ನಿಧಾನಕ್ಕೆ ಇಳಿಯುತ್ತಿವೆಯೋ ಎಂಬುದರ ಮೇಲೆ ರಿಪೇರಿಯೇ ಬೇರೆಯಾಗುತ್ತದೆ.

ಚೆಕ್ ಇಂಜಿನ್ ದೀಪ ಹತ್ತಿದಾಗ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಅಳಿಸಿಬಿಡುತ್ತಾರೆ. ಅಳಿಸುವ ಮೊದಲು ಒಂದು ಫೋಟೋ ತೆಗೆಯಿರಿ. ಉದಾಹರಣೆಗೆ ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲ, ಅಂದರೆ ಮಿಸ್‌ಫೈರ್. ದೋಷ ಬಂದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ ಇತ್ತು ಎಂಬುದನ್ನೂ ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಕೋಡ್ ಜೊತೆಗೆ ಅದೂ ಅಳಿಸಿಹೋಗುತ್ತದೆ. ಕಾಮನ್ ರೈಲ್ ಡೀಸೆಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಇಂಧನ ಹೋಗುವ ಇಂಜಿನ್) ಇದ್ದರೆ ಯಾವ ಸಿಲಿಂಡರಿಗೆ ಯಾವ ಇಂಜೆಕ್ಟರ್ ಹಾಕಿದರು, ಇಂಜೆಕ್ಟರಿನ ಮೇಲೆ ಅಚ್ಚಾದ ಕೋಡ್ ಏನು ಎಂಬುದನ್ನೂ ಸೇರಿಸಿ.

ವ್ಯಾನನ್ನು ಹಲವರು ಓಡಿಸುತ್ತಾರೆ. ಸದ್ದು ಕೇಳಿಸಿಕೊಂಡವರು ಒಬ್ಬರು, ಗ್ಯಾರೇಜಿಗೆ ಒಯ್ಯುವವರು ಇನ್ನೊಬ್ಬರು. ನಡುವೆ ಅರ್ಧ ವಿಷಯ ಉದುರಿಹೋಗುತ್ತದೆ. ಓಡಿಸಿದವರ ಮಾತಿನಲ್ಲೇ ಬರೆಯಲು ಬಿಡಿ: ‘ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು, ಬಿಸಿಯಾದ ಮೇಲೆ ಇಲ್ಲ’. ‘ಲೋಡ್ ಇದ್ದಾಗ ಏರಿನಲ್ಲಿ ಮಾತ್ರ ಕಪ್ಪು ಹೊಗೆ’. ಇಷ್ಟು ತಿಳಿದರೆ ಒಳ್ಳೆಯ ಮೆಕ್ಯಾನಿಕ್ ಎಲ್ಲಿಂದ ಶುರು ಮಾಡಬೇಕೆಂದು ಬೇಗ ಕಂಡುಕೊಳ್ಳುತ್ತಾರೆ. ಅವರು ‘ಇದು ಸದ್ಯಕ್ಕೆ ಓಡುತ್ತೆ, ಮುಂದಿನ ಸಲ ನೋಡೋಣ’ ಎಂದರೆ ಅದನ್ನೂ ಬರೆಯಿರಿ. ಮುಂದೂಡಿದ ಕೆಲಸ ಮರೆತುಹೋಗುವುದೇ ಜಾಸ್ತಿ.

ಬರೆಯಲು ಸಾಮಾನ್ಯ ನೋಟ್‌ಬುಕ್ ಸಾಕು. ಅದು ಗಾಡಿಯಲ್ಲೇ ಇರಲಿ, ಪುಟಗಳ ಫೋಟೋ ಬೇರೆ ಕಡೆ ಇರಲಿ. ಥರ್ಮಲ್ ಕಾಗದದ ರಸೀದಿಯನ್ನು ಮಾತ್ರ ನಂಬಬೇಡಿ. ಬಿಸಿ ಗಾಡಿಯೊಳಗೆ ಅದರ ಅಕ್ಷರ ಬೇಗ ಮಾಸುತ್ತದೆ.

ಯಾವ ದಾಖಲೆಯೂ ಇಲ್ಲದ ವ್ಯಾನ್ ಈಗಷ್ಟೇ ಕೈಗೆ ಬಂದಿದ್ದರೆ, ಹಿಂದಿನದನ್ನು ಊಹಿಸುತ್ತ ಕೂರಬೇಡಿ. ಟೈಮಿಂಗ್ ಬೆಲ್ಟ್ (ವಾಲ್ವ್ ಮತ್ತು ಪಿಸ್ಟನ್ ಚಲನೆಯನ್ನು ಹೊಂದಿಸುವ ಬೆಲ್ಟ್) ಇರುವ ಇಂಜಿನ್ ಆಗಿದ್ದರೆ ಮೊದಲು ಅದನ್ನು ಬದಲಿಸಿ. ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಜೊತೆಗೇ ಹಾಕಿಸಿ. ಹಲವು ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಹೊಡೆದು ಬಾಗಿಸುತ್ತದೆ. ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಆಮೇಲೆ ಆಯಿಲ್, ಫಿಲ್ಟರ್, ಕೂಲಂಟ್ ಬದಲಿಸಿ, ಕಂಪ್ರೆಷನ್ ಅಳೆಸಿ, ಆ ದಿನದ ಕಿಲೋಮೀಟರ್ ಹಾಕಿ ಮೊದಲ ಪುಟ ಬರೆಯಿರಿ. ಬದಲಿಸಿದ ಬೆಲ್ಟಿನ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಇಂಜಿನ್ ಕವರ್ ಮೇಲೂ ಅಂಟಿಸಿಬಿಡಿ.

ಈಗ ನಿಮ್ಮ ಗಾಡಿಗಳ ಬಗ್ಗೆ ಕೇಳಿ, ಒಂದೊಂದಾಗಿ ನೋಡೋಣ.